ಅರ್ಧ ಇಂಚು ತಿಂದವರು ಯಾರು?

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಂಬಕ್ಕನ ಟೇಲರಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತ ಬಂದವಳು ಆಕೆ. ಎಲ್ಲರ ಅಳತೆಯೂ ನಾಲ್ಕು ದಪ್ಪ ನೋಟ್‌ಬುಕ್ಕುಗಳಲ್ಲಿತ್ತು. ಒಂದೊಂದು ಹಾಳೆಗೂ ಆಯಾ ಹೆಂಗಸಿನ ಬಟ್ಟೆಯ ಚೂರೊಂದನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದಳು. ಹೆಸರು ಮರೆತರೂ ಬಟ್ಟೆ ಮರೆಯುವವಳಲ್ಲ.

ಈ ಬೇಸಿಗೆಯಲ್ಲಿ ಆಕೆಯ ಅಕ್ಕನ ಮಗಳು ಸಂಗೀತಾ ಕೊಟ್ಟೂರಿನಲ್ಲಿ ಇನ್ನೊಂದು ಅಂಗಡಿ ತೆರೆದಳು. ಆರು ವರ್ಷ ಜಂಬಕ್ಕನ ಎದುರಿನ ಮಷಿನ್ನಿಗೇ ಕೂತು ಕೆಲಸ ಕಲಿತು, ಮದುವೆಯಾಗಿ ಕೊಟ್ಟೂರು ಸೇರಿದ ಹುಡುಗಿ. ಅಂಗಡಿ ಪೂಜೆಯ ದಿನ ಜಂಬಕ್ಕ ಅವಳಿಗೆ ಹೊಸ ಕತ್ತರಿ, ಹೊಸ ಟೇಪು, ಒಂದು ಡಬ್ಬಿ ದಾರ ಕೊಟ್ಟು ಹರಸಿದಳು. ನೋಟ್‌ಬುಕ್ಕುಗಳನ್ನು ಮಾತ್ರ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಹಾಗಾಗಿ ಬೊಮ್ಮನಹಳ್ಳಿಯಲ್ಲಿ ಅಳತೆ ಕೊಟ್ಟವರು ಕೊಟ್ಟೂರಿನಲ್ಲಿ ಹೊಲಿಸಲು ಹೋಗಿ ಜಂಬಕ್ಕನ ಅಳತೆಯೇ ಇರಲಿ ಎಂದರೆ ಸಂಗೀತಾಳ ಫೋನು ಬರುತ್ತಿತ್ತು, ಜಂಬಕ್ಕ ಹಾಳೆ ತೆಗೆದು ಓದಿ ಹೇಳುತ್ತಿದ್ದಳು.

ಒಂದು ದಿನ ಎರಡು ಕೈಯೂ ಮಷಿನ್ನಿನ ಮೇಲಿದ್ದಾಗ ಫೋನು ಬಂತು. ಜಂಬಕ್ಕ ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಚಿಗವ್ವಾ, ಗೀತಾಂಜಲಿ ಟೀಚರಂದು ಹೇಳವಾ."

"ಎದಿ ಮೂವತ್ನಾಕು, ಸೊಂಟ ಇಪ್ಪತ್ತೊಂಬತ್ತು. ಸ್ವಲ್ಪ ಸಡ್ಲ ಬಿಡವಾ," ಎಂದು ಜಂಬಕ್ಕ ಹಾಳೆ ತೆಗೆದು ಓಣಿಗೆಲ್ಲ ಕೇಳುವಂತೆ ಓದಿದಳು.

ಓದಿ ತಲೆ ಎತ್ತಿದರೆ ಎದುರಿನ ಬೆಂಚಿನ ಮೇಲೆ ಅದೇ ಟೀಚರ ಮೈದುನ ಅರುಣಕುಮಾರ್ ಕೂತಿದ್ದಾನೆ! ಹೆಂಡತಿಯ ರವಿಕೆ ಒಯ್ಯಲು ಬಂದವನು. ಅವನು ಫ್ಯಾನನ್ನು ಹಿಂದೆಂದೂ ಕಾಣದವನಂತೆ ನೋಡುತ್ತಿದ್ದ. ಕಿವಿ ಎರಡೂ ಕೆಂಪಾಗಿದ್ದವು. "ಆಮ್ಯಾಲೆ ಬರ್ತೀನ್ರಿ," ಎಂದವನು ರವಿಕೆಯನ್ನೂ ಬಿಟ್ಟು ಹೋದ.

ಜಂಬಕ್ಕನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಒಬ್ಬ ಹೆಂಗಸು ಎದುರು ನಿಂತು ತೋಳೆತ್ತುವುದೆಂದರೆ ನಂಬಿಕೆಯ ಮಾತು. ಆ ನಂಬಿಕೆಯನ್ನು ತಾನು ಸ್ಪೀಕರಿನಲ್ಲಿ ಕೂಗಿಬಿಟ್ಟೆನಲ್ಲ ಎಂದು ಮನಸ್ಸು ಚುಚ್ಚಿತು. ಸಂಜೆಯಾಗುವುದಕ್ಕೂ ಕಾಯದೆ ಮಹಡಿ ಹತ್ತಿದಳು. ಅಲ್ಲಿ ಹಂಪೇಶನ ಕಂಪ್ಯೂಟರ್ ಕ್ಲಾಸು ಮತ್ತು ಜೆರಾಕ್ಸ್ ಅಂಗಡಿ. ನಲವತ್ತು ದಾಟಿದ ಹಂಪೇಶ್ ದಿನವಿಡೀ ಅರ್ಜಿ ತುಂಬಿಸಿ ತುಂಬಿಸಿ ಬೇಸತ್ತಿದ್ದ ಮನುಷ್ಯ.

"ಹಂಪೇಶಪ್ಪಾ, ನಾ ಇಲ್ಲಿ ಬರದದ್ದು ಕೊಟ್ಟೂರಾಗ ಸಂಗೀತಾಗ ಕಾಣಬೇಕು. ಮತ್ತ್ಯಾರಿಗೂ ಕಾಣಬಾರ್ದು. ಅಂಥಾದ್ದೇನರ ಐತೇನು?"

"ಬೇಕಾದಷ್ಟು ಆ್ಯಪ್ ಅದಾವ್ರಿ ಅಕ್ಕಾ, ಪುಗಸಟ್ಟೆ. ನೀವಿಲ್ಲಿ ಬರದ್ರ ತಂತಾನೇ ಸಿಂಕ್ ಆಕ್ಕತಿ. ಅಂದ್ರ ಎರಡೂ ಫೋನಿನ್ಯಾಗ ಒಂದೇ ಇರತೈತಿ."

"ಬರದದ್ದು ಎಲ್ಲಿ ಹೋಗಿ ಕುಂದ್ರತೈತಿ?"

"ಕಂಪನಿಯವರ ಕಂಪ್ಯೂಟರಿನ್ಯಾಗ್ರಿ. ಎಲ್ಲೋ ಪರದೇಶದಾಗ."

"ನಮ್ಮೂರ ಹೆಣ್ಮಕ್ಕಳ ಅಳತಿ ಗುರ್ತಿಲ್ಲದವರ ಮನ್ಯಾಗ ಇಡಾಕ ನನಗೇನು ಹುಚ್ಚು ಹಿಡದೈತೇನು? ನನ್ನ ಅಂಗಡ್ಯಾಗ ಇರಬೇಕು, ನನ್ನ ಕಣ್ಣ ಮುಂದ."

ಹಂಪೇಶ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಈವರೆಗೆ ಕೇಳಿರಲಿಲ್ಲ. "ಹಂಗಾರ ನಿಮ್ಮದೇ ಸರ್ವರ್ ಇಟ್ಕೋಬೇಕ್ರಿ," ಎಂದ. ಹಾಗೆ ಸ್ವಂತ ಯಂತ್ರದಲ್ಲೇ ಇಟ್ಟುಕೊಳ್ಳಬಹುದಾದ ನೋಟ್ಸ್ ಆ್ಯಪ್‌ಗಳು ಬೇರೆಯೇ ಇವೆ, ಅವನ್ನು ಒಂದೊಂದಾಗಿ ನೋಡಿ ಆರಿಸಬೇಕು ಎಂದು ವಿವರಿಸಿದ.

ಎರಡು ದಿನದಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಹಳೆಯ ಕಂಪ್ಯೂಟರೊಂದು ಜಂಬಕ್ಕನ ಅಂಗಡಿಯ ಗುಂಡಿಗಳ ರ‍್ಯಾಕಿನ ಮೇಲೆ ಬಂದು ಕೂತಿತು. ಜಂಬಕ್ಕ ಅದರ ಮೇಲೆ ಧೂಳು ಬೀಳದಂತೆ ಲೈನಿಂಗ್ ಬಟ್ಟೆ ಮುಚ್ಚಿದಳು. ಅದು ಬಿಸಿಯಾಗುತ್ತದೆಂದು ಹಂಪೇಶ್ ತೆಗೆದ. ಕೊನೆಗೆ ಕಿಟಕಿಯ ಸೊಳ್ಳೆಪರದೆಯ ಚೂರಿನಲ್ಲಿ ಅದಕ್ಕೊಂದು ಅಂಗಿ ಹೊಲಿದು ತೊಡಿಸಿದಳು.

"ಇದು ಸುಟ್ಟು ಹೋದ್ರ?" ಎಂದು ಕೇಳಿದಳು.

"ದಿನಾ ಬೆಳಿಗ್ಗೆ ಒಂದು ಬ್ಯಾಕಪ್, ಅಂದ್ರ ಪೂರ್ತಿ ಕಾಪಿ, ಈ ಡಿಸ್ಕಿಗೆ ಹೊಕ್ಕತಿ. ಇನ್ನೊಂದು ಡಿಸ್ಕ್ ವಾರಕ್ಕೊಮ್ಮೆ ತುಂಬಿಸಿ ಮಾಗಳ ಊರಿನ್ಯಾಗ ನಿಮ್ಮಕ್ಕನ ಮನ್ಯಾಗ ಇಡೂಣು. ಪಾಸ್‌ವರ್ಡ್ ಇಲ್ದ ಯಾರೂ ಓದಾಕಾಗಂಗಿಲ್ರಿ."

"ಟ್ರಯಲ್ ನೋಡ್ದ ನಾ ರವಿಕಿನೂ ಕೊಡಂಗಿಲ್ಲ. ಈಗ ಅಳಿಸಿ ವಾಪಸ್ ತಂದು ತೋರ್ಸು."

ತನ್ನದೊಂದು ಸುಳ್ಳು ಅಳತೆ ಬರೆದು, ಬ್ಯಾಕಪ್ ಮಾಡಿಸಿ, ಅಳಿಸಿಸಿ, ಮರಳಿ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವನಿಗೆ ಚಹಾ ತರಿಸಿದಳು.

ಮೊದಲು ಹಾಕಿದ ಆ್ಯಪ್ ನೋಡಲು ಮದುವಣಗಿತ್ತಿಯಂತಿತ್ತು, ಬಣ್ಣವೋ ಬಣ್ಣ. ಮೂರನೆಯ ದಿನ ಮಧ್ಯಾಹ್ನ ಕೊಟ್ಟೂರಿನಲ್ಲಿ ನೆಟ್‌ವರ್ಕ್ ಹೋಯಿತು. ಬಟ್ಟೆ ಕೊಟ್ಟು ಕಾದು ನಿಂತ ಗಿರಾಕಿಯ ಮುಂದೆ ಸಂಗೀತಾ ಫೋನು ಹಿಡಿದು ನಿಂತಳು, ಪರದೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಇತ್ತು. ನೆಟ್ಟಿಲ್ಲದೆ ಬಾಯಿಬಿಡದ ಆ್ಯಪ್ ನಮಗೆ ಬೇಡವೆಂದು ಜಂಬಕ್ಕ ಅದನ್ನು ತೆಗೆಸಿದಳು.

ಎರಡನೆಯದು ಸಾದಾ ಮುಖದ್ದು, ಆದರೆ ನೆಟ್ಟಿಲ್ಲದಿದ್ದರೂ ಫೋನಿನಲ್ಲೇ ಒಂದು ಪ್ರತಿ ಇಟ್ಟುಕೊಳ್ಳುತ್ತಿತ್ತು. ಅದನ್ನೇ ನಂಬಿ ಮೂರು ವಾರ ಬಿಡುವಾದಾಗಲೆಲ್ಲ ಜಂಬಕ್ಕ ನಾಲ್ಕೂ ನೋಟ್‌ಬುಕ್ಕನ್ನು ಅದಕ್ಕೆ ಇಳಿಸಿದಳು. ಬಟ್ಟೆಯ ಚೂರುಗಳ ಫೋಟೋ ಕೂಡ ತೆಗೆದು ಸೇರಿಸಿದಳು. ಫೋನಿನ ಗದ್ದಲ ನಿಂತಿತು. ಅಂಗಡಿಯಲ್ಲಿ ಮಷಿನ್ನಿನ ಸದ್ದು ಮಾತ್ರ.

ಅಷ್ಟರಲ್ಲಿ ಗೀತಾಂಜಲಿ ಟೀಚರ್ ಬಂದರು. ಮನೆ ಬೊಮ್ಮನಹಳ್ಳಿಯಲ್ಲಿ, ಕೆಲಸ ಕೊಟ್ಟೂರಿನ ಹೈಸ್ಕೂಲಿನಲ್ಲಿ, ದಿನಾ ಬಸ್ಸಿನ ಓಡಾಟ. ಹಾಗಾಗಿ ಇಲ್ಲಿ ಅಳತೆ ಕೊಟ್ಟು ಅಲ್ಲಿ ಹೊಲಿಸುವುದು ಅವರಿಗೆ ಅನುಕೂಲ.

"ಬ್ಲೌಸು ಬಿಗಿ ಆಗೈತ್ರಿ ಜಂಬಕ್ಕಾ. ಬೋರ್ಡಿನ ಮ್ಯಾಲೆ ಬರಿಯಾಕ ಕೈ ಎತ್ತಾಕಾಗವಲ್ದು."

ಅದೇ ವಾರ ಇನ್ನಿಬ್ಬರು ಅದನ್ನೇ ಹೇಳಿದರು. ಮೂವರೂ ಇಲ್ಲಿ ಅಳತೆ ಕೊಟ್ಟವರು, ಅಲ್ಲಿ ಹೊಲಿಸಿದವರು. ರವಿಕೆಗಳನ್ನು ಹಾಸಿ ಅಳೆದು ನೋಡಿದರೆ ಎದೆಯ ಸುತ್ತ ಮೂವರದೂ ಅರ್ಧರ್ಧ ಇಂಚು ಕಡಿಮೆ!

ಜಂಬಕ್ಕ ಮಹಡಿ ಹತ್ತಿದಳು. "ನಿನ್ನ ಆ್ಯಪು ದಾರ್‍ಯಾಗ ಅರ್ಧ ಇಂಚು ತಿಂತೈತಿ."

"ಆ್ಯಪ್ ಇಂಚು ತಿನ್ನಂಗಿಲ್ರಿ ಅಕ್ಕಾ."

"ಹಂಗಾರ ತಿಂದಿಲ್ಲಂತ ತೋರ್ಸು."

ಅದೇ ತೊಡಕಾಯಿತು. ಆ ಆ್ಯಪ್ ಈಗ ಏನಿದೆಯೋ ಅದನ್ನಷ್ಟೇ ತೋರಿಸುತ್ತಿತ್ತು. ನಿನ್ನೆ ಏನಿತ್ತು, ಯಾರು ತಿದ್ದಿದರು ಎಂಬುದರ ಗುರುತಿಲ್ಲ. ಹಂಪೇಶ್ ಎರಡು ದಿನ ಹುಡುಕಿ ಮೂರನೆಯದನ್ನು ತಂದ. ಅದು ಒಂದೊಂದು ಚೀಟಿಗೂ ಚರಿತ್ರೆ ಇಡುತ್ತಿತ್ತು. ಯಾವ ದಿನ, ಎಷ್ಟು ಗಂಟೆಗೆ, ಯಾರ ಫೋನಿನಿಂದ, ಯಾವ ಅಂಕಿ ಏನಾಯಿತು ಎಂಬುದೆಲ್ಲ ಅದರಲ್ಲಿ ಕಾಣುತ್ತಿತ್ತು. ನೆಟ್ಟಿಲ್ಲದೆಯೂ ನಡೆಯುತ್ತಿತ್ತು. ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದರು. ಜಂಬಕ್ಕ ಟೀಚರನ್ನು ಕರೆಸಿ ಹೊಸದಾಗಿ ಅಳೆದು ತಾನೇ ಬರೆದಳು. ಸಂಗೀತಾ ಅದನ್ನೇ ನೋಡಿ ಇನ್ನೊಂದು ರವಿಕೆ ಹೊಲಿದಳು.

ಅದೂ ಬಿಗಿ.

ಜಂಬಕ್ಕ, ಹಂಪೇಶ್ ಇಬ್ಬರೂ ಚರಿತ್ರೆ ತೆರೆದು ನೋಡಿದರು. ಭಾನುವಾರ ಹನ್ನೊಂದೂ ಹತ್ತಕ್ಕೆ ಜಂಬಕ್ಕನ ಫೋನಿನಿಂದ ಎದೆ ಮೂವತ್ತನಾಲ್ಕು. ಆಮೇಲೆ ಯಾರೂ ಅದನ್ನು ಮುಟ್ಟಿಯೇ ಇಲ್ಲ.

"ಅಂದ್ರ ಆ್ಯಪಿಂದಲ್ಲ, ನಿನ್ನ ಕತ್ತರಿ ತಪ್ಪು," ಎಂದು ಜಂಬಕ್ಕ ಸಂಗೀತಾಳಿಗೆ ಫೋನಿನಲ್ಲಿ ಅಂದುಬಿಟ್ಟಳು.

"ನೀ ಕಲಿಸಿದ ಕೈ ಇದು ಚಿಗವ್ವಾ. ಬರ್ತೀನಿ ತಡಿ," ಎಂದು ಸಂಗೀತಾ ಅಂಗಡಿಗೆ ಬೀಗ ಹಾಕಿ, ರವಿಕೆಯನ್ನೂ ತನ್ನ ಟೇಪನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಬಂದವಳೇ ರವಿಕೆಯನ್ನು ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದಳು. ಜಂಬಕ್ಕ ಕೊರಳಿನ ಟೇಪು ತೆಗೆದು, ಹೊಲಿಯುವಾಗ ಬಿಡುವ ಸಡಿಲನ್ನು ಕಳೆದು ಅಳೆದಳು. "ನೋಡು, ಮೂವತ್ಮೂರೂವರಿ! ನಾ ಬರದದ್ದು ಮೂವತ್ನಾಕು."

ಸಂಗೀತಾ ಅದೇ ಜಾಗಕ್ಕೆ ತನ್ನ ಟೇಪು ಹಿಡಿದಳು. "ಇಲ್ಲಿ ನೋಡು, ಸರಿಯಾಗಿ ಮೂವತ್ನಾಕು."

ಸಂಗೀತಾ ಎರಡೂ ಟೇಪುಗಳನ್ನು ಪಕ್ಕಪಕ್ಕ ಹಾಸಿ, ತುದಿಗೆ ತುದಿ ಸೇರಿಸಿ ಸವರಿದಳು. ಹತ್ತರ ಹತ್ತಿರ ಗೊತ್ತಾಗಲಿಲ್ಲ. ಮೂವತ್ತರ ಹತ್ತಿರ ಗೆರೆಗಳು ಜಗಳವಾಡಿದವು. ಅರವತ್ತಕ್ಕೆ ಬಂದಾಗ ಜಂಬಕ್ಕನ ಟೇಪು ಹೆಬ್ಬೆರಳಗಲ ಮುಂದಕ್ಕೆ ಚಾಚಿಕೊಂಡಿತ್ತು.

"ನಿಂದೇ ಗಿಡ್ಡ ಇರಬೇಕು," ಎಂದಳು ಜಂಬಕ್ಕ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಎದುರಿನ ಬಡಗಿ ಯರ್ರೆಪ್ಪನ ಉಕ್ಕಿನ ಟೇಪು ಇಸಿದುಕೊಂಡು ತಂದರು. ಅದು ಸಂಗೀತಾಳ ಟೇಪಿಗೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಹೊಂದಿತು.

ಹನ್ನೊಂದು ವರ್ಷ ಕೊರಳಲ್ಲಿ ತೂಗಿ, ಎಳೆದು, ಎಳೆಸಿಕೊಂಡು ಜಂಬಕ್ಕನ ಟೇಪು ಹಿಗ್ಗಿತ್ತು. ಹಿಗ್ಗಿದ ಟೇಪು ಮೂವತ್ತನಾಲ್ಕೂವರೆಯನ್ನು ಮೂವತ್ತನಾಲ್ಕು ಎನ್ನುತ್ತಿತ್ತು. ಅಳೆಯುವುದೂ ಕತ್ತರಿಸುವುದೂ ಅದೇ ಟೇಪಿನಿಂದಲೇ ಆಗಿದ್ದರಿಂದ ಇಷ್ಟು ವರ್ಷ ತಪ್ಪಿಗೆ ತಪ್ಪು ಸರಿಹೋಗಿ ರವಿಕೆ ಮೈಗೆ ಕೂತಿತ್ತು. ಫೋನಿನಲ್ಲಿ ಹೇಳುವಾಗಲೂ ಬಾಯಿಗೆ ತಾನಾಗಿ ಬರುತ್ತಿದ್ದ "ಸ್ವಲ್ಪ ಸಡ್ಲ ಬಿಡವಾ" ಎಂಬ ಮಾತು ಕಾಪಾಡಿತ್ತು. ಆ ಮಾತನ್ನು ಆ್ಯಪಿನಲ್ಲಿ ಜಂಬಕ್ಕ ಬರೆದಿರಲಿಲ್ಲ.

ಜಂಬಕ್ಕ ಬೆಂಚಿನ ಮೇಲೆ ಕೂತಳು. "ಪಾಪದ ಆ್ಯಪಿಗೆ ಬೈದೆ. ನಿನಗೂ ಬೈದೆ." ಸಂಗೀತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೇನೋ ಎಂದು ಜಂಬಕ್ಕ ಗಾಬರಿಯಾದಳು. ನೋಡಿದರೆ ನಗು ತಡೆಯಲಾರದೆ ಒದ್ದಾಡುತ್ತಿದ್ದಾಳೆ. "ಚಿಗವ್ವಾ, ಊರೆಲ್ಲ ಸಣ್ಣ ಅದಾರಂತ ಹನ್ನೊಂದು ವರ್ಷ ಸುಳ್ಳು ಹೇಳೀಯಲ್ಲೇ!" ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೇಪು ವಾಪಸ್ ಕೇಳಲು ಬಂದ ಯರ್ರೆಪ್ಪ ಏನೂ ತಿಳಿಯದೆ ತಾನೂ ನಕ್ಕ.

ಸುದ್ದಿ ತಿಳಿದಾಗ ಹಂಪೇಶನಿಗೆ ಉತ್ಸಾಹ ಬಂತು. ಆ್ಯಪ್ ನಿರಪರಾಧಿ ಎಂದಾಗಿತ್ತಲ್ಲ! "ಒಂದೊಂದು ತಿದ್ದೋದು ಯಾಕ್ರಿ? ಎಲ್ಲಾ ಅಂಕಿಗೂ ನೂರಕ್ಕ ಒಂದೂವರಿ ಸೇರ್ಸಿಬಿಡ್ತೀನಿ, ಒಂದೇ ಕಮಾಂಡು," ಎಂದು ಕುಟುಕುಟು ಟೈಪು ಮಾಡಿ, "ಆತು" ಎಂದ.

ಜಂಬಕ್ಕನಿಗೆ ಮೊದಲು ಟೀಚರ ಕ್ಷಮೆ ಕೇಳಬೇಕೆನಿಸಿತು. ಆ್ಯಪಿನ ಚೀಟಿಯಲ್ಲಿ ಅಳತೆಯ ಜೊತೆಗಿದ್ದ ಫೋನ್ ನಂಬರನ್ನು ಒತ್ತಿದಳು. ಆ ಕಡೆ "ಹಲೋ" ಅನ್ನುವುದರೊಳಗೇ ಶುರು ಮಾಡಿದಳು. "ತಪ್ಪು ನಂದೇ ಐತ್ರಿ. ನಿಮ್ಮ ಬ್ಲೌಸು ಎದಿ ಹತ್ರ ಬಿಗಿ ಆಗಿತ್ತಲ್ಲ, ನಾನೇ ಸಡ್ಲ ಮಾಡಿಕೊಡ್ತೀನ್ರಿ."

"ಯಾರಮ್ಮಾ ನೀವು? ನಾನು ಲಾರಿ ಓಡಿಸ್ತಿದೀನಿ," ಎಂದಿತು ಒಂದು ದಪ್ಪ ಗಂಡು ದನಿ. "ನನಗೆ ಬ್ಲೌಸ್ ಬೇಡಮ್ಮಾ."

ಹಂಪೇಶನ ಕಮಾಂಡು ಎಲ್ಲಾ ಅಂಕಿಗೂ ಎಂದರೆ ಎಲ್ಲಾ ಅಂಕಿಗೂ ನೂರಕ್ಕೆ ಒಂದೂವರೆ ಸೇರಿಸಿತ್ತು. ಫೋನ್ ನಂಬರೂ ಬಿಟ್ಟಿರಲಿಲ್ಲ. ಹಂಪೇಶನ ಮುಖ ಬಿಳಿಚಿತು. ಜಂಬಕ್ಕ ಮಾತ್ರ ಹೆದರಲಿಲ್ಲ.

"ಇವತ್ತು ಬೆಳಿಗ್ಗಿ ಕಾಪಿ ಐತಲ್ಲ, ಅದನ್ನ ತಗಿ. ಟ್ರಯಲ್ ನೋಡೀವಿ, ಬರತೈತಿ."

ಹದಿನೈದು ನಿಮಿಷದಲ್ಲಿ ಎಲ್ಲವೂ ಬೆಳಗಿನಂತೆಯೇ ಮರಳಿ ಬಂತು. ಹಳೆಯ ಅಂಕಿಗಳನ್ನು ತಿದ್ದುವುದು ಬೇಡ, ಹೆಂಗಸರ ಮೈಯೂ ಅಷ್ಟು ವರ್ಷ ಹಾಗೇ ನಿಂತಿರುವುದಿಲ್ಲ ಎಂದು ಜಂಬಕ್ಕ ತೀರ್ಮಾನಿಸಿದಳು. ಒಂದೊಂದು ಚೀಟಿಗೂ "ಹಳೇ ಟೇಪು" ಎಂದಷ್ಟೇ ಗುರುತು ಹಾಕಿಸಿದಳು. ಬಂದವರನ್ನು ಬಂದಂತೆ ಹೊಸದಾಗಿ ಅಳೆಯುವುದು, ಪ್ರತಿ ಅಮಾವಾಸ್ಯೆಗೆ ಎರಡೂ ಅಂಗಡಿಯ ಟೇಪುಗಳನ್ನು ಉಕ್ಕಿನ ಟೇಪಿಗೆ ಹಿಡಿದು ನೋಡುವುದು ಎಂದಾಯಿತು. ಆ್ಯಪ್ ಮೂರನೆಯದೇ ಇರಲಿ, ಇನ್ನು ಬದಲಿಸುವ ಮಾತಿಲ್ಲ ಎಂದೂ ಹೇಳಿದಳು.

ಸಂಜೆ ಬಸ್ಸಿಳಿದ ಗೀತಾಂಜಲಿ ಟೀಚರನ್ನು ಜಂಬಕ್ಕ ತಾನೇ ಹೋಗಿ ಕರೆತಂದಳು. ಟೇಪಿನ ಕಥೆ ಪೂರ್ತಿ ಹೇಳಿ ತಲೆ ತಗ್ಗಿಸಿ ನಿಂತಳು. ಟೀಚರ್ ಬೈಯಲಿಲ್ಲ. ಎರಡೂ ಕೈಯಿಂದ ಜಂಬಕ್ಕನ ಭುಜ ಹಿಡಿದರು.

"ಹಂಗಾರ ನಾ ದಪ್ಪ ಆಗಿಲ್ಲ?"

"ಇಲ್ರಿ. ನೀವು ಹೆಂಗಿದ್ರೋ ಹಂಗಾ ಅದೀರಿ."

"ಅಯ್ಯೋ ನಮ್ಮವ್ವಾ! ಒಂದು ತಿಂಗಳಾತು ಮಿರ್ಚಿ ಮುಟ್ಟಿಲ್ಲ ನಾನು. ಬಸ್ ಇಳದು ಸಾಲಿ ತನಕ ನಡಕೊಂಡು ಹೊಂಟೀನಿ. ಮನ್ಯಾಗ ಎಲ್ಲಾರೂ ತಿಂದ್ರ ನಾ ಬರೇ ವಾಸನಿ ತಗೊಂಡು ಕುಂದ್ರತಿದ್ದೆ!"

ಟೀಚರೇ ದುಡ್ಡು ಕೊಟ್ಟು ಓಣಿಯ ತುದಿಯಿಂದ ಮಂಡಕ್ಕಿ, ಬಿಸಿ ಮಿರ್ಚಿ ತರಿಸಿದರು. ಹಂಪೇಶ್ ಮಹಡಿ ಇಳಿದು ಬಂದ. ಹೊಲಿಯುವ ಬಟ್ಟೆಗಳನ್ನೆಲ್ಲ ಎಣ್ಣೆಯ ಕೈಗೆ ಸಿಗದಂತೆ ಸಂಗೀತಾ ಕಪಾಟಿಗೆ ಸೇರಿಸಿದಳು. ಕೊಟ್ಟೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಟೀಚರ್ ಕಣ್ಣುಮುಚ್ಚಿ ಮೊದಲ ಮಿರ್ಚಿ ಕಚ್ಚಿದರು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ನಗುತ್ತಲೇ ಎರಡನೆಯದಕ್ಕೆ ಕೈ ಚಾಚಿದರು.