ಯಾವ ಕ್ಯಾಲ್ಕುಲಸ್, ಪುಟ್ಟಿ?

ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ದಿನ ಕಟಿಂಗ್ ಶಾಪಿನ ಯಜಮಾನನಿಗೆ ಕತ್ತರಿಗಿಂತ ಬಾಯಿಯೇ ಹೆಚ್ಚು ಓಡಿತು. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳಿಗೆ ಬೇರೆ ದಾರಿಯಿಲ್ಲ, ಕೇಳಲೇಬೇಕು.

“ನಮ್ಮ ಪುಟ್ಟಿ ಗಿಡಮರಗಳ ವಿಜ್ಞಾನ ಓದ್ತಾಳೆ. ಮೊದಲ ವರ್ಷದಲ್ಲೇ ಕ್ಯಾಲ್ಕುಲಸ್ ಇದೆಯಂತೆ! ಅದ್ರಲ್ಲೂ ಎಲ್ಲಕ್ಕಿಂತ ಕಷ್ಟದ್ದು ಯಾವ್ದಿದೆಯೋ ಅದನ್ನೇ ತಗೊಳ್ತಾಳೆ.”

ಪುಟ್ಟಿ ಹಾಗಂತ ಎಲ್ಲೂ ಹೇಳಿರಲಿಲ್ಲ. ಅಪ್ಪನ ಮುಖ ನೋಡಿ ಇಲ್ಲವೆನ್ನಲೂ ಆಗಲಿಲ್ಲ.

ಸಂಜೆ ಯಜಮಾನನ ತಂಗಿ ಮನೆಗೆ ಬಂದಳು. ಅದೇ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕೆಲಸ ಅವಳದು.

“ಯಾವ ಕ್ಯಾಲ್ಕುಲಸ್ ತಗೊಳ್ತೀಯ ಪುಟ್ಟಿ?”

“ಯಾವ್ದು ಅಂದ್ರೆ? ದೊಡ್ಡದು!” ಎಂದು ಅಪ್ಪನೇ ಉತ್ತರಿಸಿದ.

“ಅಣ್ಣ, ನಮ್ಮಲ್ಲಿ ಎರಡು ಕೋರ್ಸ್ ಇದೆ. ಒಂದು ಗಣಿತವನ್ನೇ ಓದೋರಿಗೆ. ಅಲ್ಲಿ ಪ್ರತಿಯೊಂದನ್ನೂ ಸಾಧಿಸಿ ತೋರಿಸ್ಬೇಕು. ಇನ್ನೊಂದು ಜೀವವಿಜ್ಞಾನದ ಮಕ್ಕಳಿಗೆ. ಗಿಡ ಎಷ್ಟು ಬೇಗ ಬೆಳೀತಿದೆ, ರೋಗ ಎಷ್ಟು ಬೇಗ ಹರಡ್ತಿದೆ, ಇಂಥದ್ದನ್ನ ಲೆಕ್ಕ ಹಾಕೋದು. ಪುಟ್ಟಿಯ ವಿಭಾಗದೋರು ಕೇಳೋದು ಇದನ್ನೇ.”

“ಅಂದ್ರೆ ಸಣ್ಣ ಕೋರ್ಸು.”

“ಸಣ್ಣದಲ್ಲ ಮಾರಾಯ, ಬೇರೇದು. ಗಿರಾಕಿ ತಲೆ ನೋಡದೆ ನೀನು ಕಟಿಂಗ್ ಶುರುಮಾಡ್ತೀಯಾ?”

ಯಜಮಾನನಿಗೆ ನಗು ಬಂತು, ಆದರೆ ಪಟ್ಟು ಬಿಡಲಿಲ್ಲ. “ಕಷ್ಟಪಟ್ರೆ ಏನು ತಾನೇ ಆಗಲ್ಲ?”

“ಕಷ್ಟ ಎರಡರಲ್ಲೂ ಇದೆ. ತಮಗೆ ಹೊಂದದ ಕೋರ್ಸಿಗೆ ಸೇರಿ, ಮೊದಲ ಪರೀಕ್ಷೇಲೇ ಬಿದ್ದು, ಇಷ್ಟಪಟ್ಟ ವಿಷಯಾನೇ ಬಿಟ್ಟುಹೋದ ಮಕ್ಕಳನ್ನ ನಾನು ನೋಡಿದ್ದೀನಿ. ಪುಟ್ಟಿ, ನಿಂಗೇನನ್ಸುತ್ತೆ?”

ಪುಟ್ಟಿ ಉಗುರು ಕೆರೆಯುತ್ತಾ, “ಅಪ್ಪ ಊರಿಗೆಲ್ಲ ಹೇಳಿಬಿಟ್ಟಿದ್ದಾನಲ್ಲ ಅತ್ತೆ...” ಎಂದಳು.

ಯಜಮಾನನಿಗೆ ಆಗ ಹೊಳೆಯಿತು. ಗಿಡಮರಗಳೆಂದರೆ ಜೀವ ಬಿಡುವ ಹುಡುಗಿ ತನ್ನೊಬ್ಬನ ಜಂಬಕ್ಕಾಗಿ ತಲೆ ಕೊಡಲು ಹೊರಟಿದ್ದಳಲ್ಲ!

ಕ್ಯಾಲ್ಕುಲಸ್‌ಗೆ ಎಷ್ಟು ಸಿದ್ಧರಿದ್ದೇವೆಂದು ತಾವೇ ನೋಡಿಕೊಳ್ಳಲು ವಿಶ್ವವಿದ್ಯಾಲಯ ಕೊಡುವ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಗಳನ್ನು ಅತ್ತೆ ತಂದಿದ್ದಳು. ಪುಟ್ಟಿ ಅಡುಗೆಮನೆಯ ಮೇಜಿನ ಮೇಲೆ, ಯಾರನ್ನೂ ಕೇಳದೆ, ಕ್ಯಾಲ್ಕುಲೇಟರ್ ಮುಟ್ಟದೆ ಬಿಡಿಸಿದಳು. ಅರ್ಧಕ್ಕರ್ಧ ತಪ್ಪಾಗಿತ್ತು. ಭಿನ್ನರಾಶಿ, ಬೀಜಗಣಿತ, ತ್ರಿಕೋನಮಿತಿ, ಎಲ್ಲವೂ ಶಾಲೆಯಲ್ಲಿ ಓದಿ ಮರೆತ ಪಾಠಗಳೇ.

“ಕ್ಯಾಲ್ಕುಲಸ್ ಇನ್ನೂ ಶುರುವಾಗೇ ಇಲ್ಲ, ಆಗ್ಲೇ ಮುಗ್ಗರಿಸಿದ್ಲಲ್ಲ!”

“ಈಗ ಮುಗ್ಗರಿಸಿದ್ದೇ ಒಳ್ಳೇದಾಯ್ತು ಅಣ್ಣ. ಎದ್ದು ನಿಲ್ಲೋಕೆ ರಜೆ ಇದೆ. ಬಹಳ ಜನ ಸೋಲೋದು ಕ್ಯಾಲ್ಕುಲಸ್‌ನಿಂದಲ್ಲ, ಈ ಹಳೇ ಪಾಠದಿಂದ. ದಿನಾ ಸ್ವಲ್ಪ ಸ್ವಲ್ಪ ಕೈಯಿಂದ ಬರೆದು ಮಾಡ್ಲಿ. ಯಾರೋ ಬಿಡಿಸಿದ್ದನ್ನ ನೋಡಿ ತಲೆ ಆಡಿಸಿದ್ರೆ ಬರಲ್ಲ. ಮಾಡಿದ್ದನ್ನ ಯಾರಿಗಾದ್ರೂ ವಿವರಿಸ್ಲಿ.”

ಆ ‘ಯಾರಿಗಾದ್ರೂ’ ಅಪ್ಪನೇ ಆದ. ಗಿರಾಕಿಗಳಿಲ್ಲದ ಮಧ್ಯಾಹ್ನ ಪುಟ್ಟಿ ಅಂಗಡಿಯ ಕುರ್ಚಿಯಲ್ಲಿ ಕೂತು ಲೆಕ್ಕ ಹೇಳುತ್ತಿದ್ದಳು. ಅವನು ಕತ್ತರಿ ಒರೆಸುತ್ತಾ, “ಅದ್ಯಾಕೆ ಹಾಗಾಗುತ್ತೆ?” ಎಂದು ಕೇಳುತ್ತಿದ್ದ. ಒಂದು ದಿನ ಉತ್ತರ ಹೇಳಹೊರಟವಳು ನಡುವೆಯೇ ನಿಂತು, “ಅಯ್ಯೋ, ಇಲ್ಲೇ ತಪ್ಪಿದ್ದೀನಿ!” ಎಂದು ಹಣೆ ಚಚ್ಚಿಕೊಂಡಳು.

“ಅಪ್ಪ, ಏನೂ ಗೊತ್ತಿಲ್ದೆ ಎಷ್ಟು ಚೆನ್ನಾಗಿ ಹೇಳಿಕೊಡ್ತೀಯ!”

ಹೆಸರು ನೋಂದಾಯಿಸುವ ದಿನ ಪುಟ್ಟಿ ಜೀವವಿಜ್ಞಾನದವರ ಕೋರ್ಸನ್ನೇ ಆರಿಸಿಕೊಂಡಳು. ಗಿರಾಕಿಗಳಿಗೆ ಆ ಸುದ್ದಿಯನ್ನು ಅಪ್ಪನೇ ಹೇಳಿದ. ಒಬ್ಬ ಕಣ್ಣು ಮಿಟುಕಿಸಿ, “ಏನಪ್ಪ, ಇಳಿಸಿಬಿಟ್ಯಲ್ಲ?” ಎಂದು ಕೆಣಕಿದ.

“ಅವಳ ಅಳತೆಗೆ ಸರಿಯಾದ್ದು ತಗೊಂಡ್ಲು. ತಲೆ ಅಲ್ಲಾಡಿಸ್ಬೇಡಿ, ಕಿವಿ ಹತ್ರ ಇದ್ದೀನಿ.”

ತರಗತಿ ಶುರುವಾದಾಗ ಹಾದಿ ಹೂವಿನದೇನೂ ಆಗಿರಲಿಲ್ಲ. ಅರ್ಥವಾಗದ ದಿನ ಪುಟ್ಟಿ ನಾಚಿಕೆ ಬಿಟ್ಟು ಅಧ್ಯಾಪಕರ ಕೋಣೆಯ ಬಾಗಿಲು ತಟ್ಟಿದಳು. ಮೊದಲ ಪರೀಕ್ಷೆಯಲ್ಲಿ ಅವಳೇನೂ ಎಲ್ಲರಿಗಿಂತ ಮುಂದೆ ಬರಲಿಲ್ಲ, ಆದರೆ ಚೆನ್ನಾಗಿಯೇ ಪಾಸಾದಳು.

ಅಂಗಡಿಗೆ ರಜೆಯಿದ್ದ ದಿನ ಅವಳ ಗೆಳತಿಯರು ಬಂದು, ಕುರ್ಚಿಗಳನ್ನು ಗಿರಗಿರ ತಿರುಗಿಸಿಕೊಂಡು, ಕನ್ನಡಿಯ ಮೇಲೆಲ್ಲ ಲೆಕ್ಕ ಬರೆದರು. ಮರುದಿನ ಬಾಗಿಲು ತೆಗೆದ ಯಜಮಾನ ಒದ್ದೆ ಬಟ್ಟೆ ಹಿಡಿದು ಎಲ್ಲವನ್ನೂ ಒರೆಸಿದ. ಮುಗಿಯದ ಒಂದು ಲೆಕ್ಕವನ್ನು ಮಾತ್ರ ಹಾಗೇ ಬಿಟ್ಟ. ಅಂದು ಬಂದವರೆಲ್ಲ ಅದರ ಸಂದಿಯಲ್ಲೇ ಮುಖ ನೋಡಿಕೊಂಡು ಹೋದರು.

ನಿಮ್ಮ ಮನೆಯ ಮಗುವೂ ಈ ವರ್ಷ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿದೆಯೇ? ಯಾವ ಕ್ಯಾಲ್ಕುಲಸ್ ಬೇಕೆಂದು ಅದರ ವಿಭಾಗದವರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ. ರಜೆಯಲ್ಲೇ ಹಳೆಯ ಪಾಠಗಳ ಧೂಳು ಕೊಡವಲು ಹೇಳಿ. ನಿಮಗೆ ಗಣಿತ ಬರದಿದ್ದರೂ ಚಿಂತೆಯಿಲ್ಲ. ಮಗುವಿನ ಪಕ್ಕ ಕೂತು “ಯಾಕೆ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.