ಕೂಗಿ ಮಾತಾಡುವ ಮನೆ

ಗಂಡ ಹೆಂಡತಿ ಇಬ್ಬರೂ ದರ್ಜಿಗಳು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳು ಬೆಳಗಿನಿಂದಲೇ ಬಡಿದುಕೊಳ್ಳುತ್ತಿದ್ದುದರಿಂದ ಆ ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ಇವರ ಮನೆಯ ಗುಟ್ಟು ಬೀದಿಗೆಲ್ಲ ಗೊತ್ತು ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಹೀಗಾಗಿ ಮಗಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೇನೋ ಎಂದು ಶಾಲೆಯ ಟೀಚರು ಹೇಳಿದಾಗ ತಾಯಿಗೆ ಮೈಯೆಲ್ಲ ಉರಿಯಿತು.

"ಮನೇಲಿ ಒಂದು ಸಲ ಕರೆದ್ರೆ ಓಡಿ ಬರ್ತಾಳೆ. ನಿಮ್ಮ ಪಾಠ ಅಂದ್ರೆ ಬೇಜಾರು, ಅಷ್ಟೇ."

"ಇರಬಹುದಮ್ಮ. ಆದ್ರೆ ನಾನು ಬೋರ್ಡ್ ಕಡೆ ತಿರುಗಿ ಹೇಳಿದ್ದು ಒಂದೂ ಅವಳಿಗೆ ಗೊತ್ತಾಗಲ್ಲ. ಒಂದ್ಸಲ ತೋರಿಸಿ."

ಆ ಸಂಜೆ ಹುಡುಗಿಗೆ ಎರಡೇಟು ಬಿತ್ತು. "ಕಿವುಡಿ ಥರ ನಾಟಕ ಆಡ್ತೀಯಾ?" ಅಳುತ್ತಿದ್ದರೂ ಮಗು ಅಮ್ಮನ ತುಟಿಗಳನ್ನೇ ನೋಡುತ್ತಿತ್ತು. ಅದನ್ನು ಕಂಡು ಗಂಡನೇ ಹಟ ಹಿಡಿದು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದ.

"ನೋವು ಅಂತ ಒಂದಿನಾನೂ ಅಂದಿಲ್ಲ ಡಾಕ್ಟ್ರೇ" ಎಂದಳು ತಾಯಿ.

"ಎಷ್ಟೋ ಸಲ ಇದರಲ್ಲಿ ನೋವೇ ಇರಲ್ಲ. ಕಿವಿಯ ಪರದೆ ಹಿಂದೆ ಗೋಂದಿನಂಥ ನೀರು ನಿಂತಿದೆ. ಬ್ಯಾಕ್ಟೀರಿಯಾ ಅಲ್ಲೇ ಪೊರೆ ಕಟ್ಟಿಕೊಂಡು ಬೀಡು ಬಿಟ್ಟಿರಬಹುದು. ಆ ಪೊರೆ ಒಳಗೆ ಔಷಧಿ ಸುಲಭಕ್ಕೆ ಮುಟ್ಟಲ್ಲ."

"ಹಾಗಾದ್ರೆ ಜೋರಾದ ಔಷಧಿ ಕೊಡಿ."

"ಜೋರಿಂದ ಆಗೋ ಕೆಲಸ ಅಲ್ಲಮ್ಮ. ಎಷ್ಟೋ ಮಕ್ಕಳಿಗೆ ತಾನಾಗೇ ಹೋಗುತ್ತೆ. ಮೂರು ತಿಂಗಳು ನೋಡೋಣ. ಹೋಗದಿದ್ರೆ ಪರದೆಗೆ ಸಣ್ಣ ನಳಿಕೆ ಹಾಕಿ ನೀರು ತೆಗೆಯೋ ಯೋಚನೆ ಮಾಡೋಣ. ಅಲ್ಲಿವರೆಗೂ ಗದ್ದಲ ಇಲ್ಲದ ಕಡೆ, ಎದುರಿಗೆ ಕೂತು ಮಾತಾಡಿಸಿ."

ಯಾರದೋ ಹರಿದದ್ದನ್ನೆಲ್ಲ ಹೊಲಿದು ಕೊಡುವ ಕೈ ಅವಳದು. ಮಗಳ ಕಿವಿಯೊಳಗೆ ಮಾತ್ರ ಅದಕ್ಕೆ ಕೆಲಸವಿರಲಿಲ್ಲ. ಕಾಯುವುದೊಂದೇ ಉಳಿದದ್ದು. ಬಸ್ಸಿನಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ಗಂಡನಿಗೆ ಯಂತ್ರ ನಿಲ್ಲಿಸಲು ಸನ್ನೆ ಮಾಡಿದಳು. ಮಗಳು ಆಗಲೇ ಬೆನ್ನು ಹಾಕಿ ಕುಳಿತು ಬಟ್ಟೆ ಚೂರುಗಳನ್ನು ಜೋಡಿಸುತ್ತಿದ್ದಳು.

"ಪುಟ್ಟಿ" ಎಂದಳು ತಾಯಿ, ಮೆಲ್ಲಗೆ. ಆ ಕೋಣೆಯಲ್ಲಿ ಅಂಥ ದನಿ ಯಾರೂ ಬಳಸಿದ್ದಿಲ್ಲ.

ಮಗು ತಿರುಗಲಿಲ್ಲ. ಮತ್ತೊಮ್ಮೆ ಕರೆದರೂ ತಿರುಗಲಿಲ್ಲ. ಗಂಡ ತಲೆ ತಗ್ಗಿಸಿದ.

ಅವಳು ಹೋಗಿ ಮಗಳ ಎದುರಿಗೆ ಕುಳಿತಳು. "ಅವತ್ತು ಹೊಡೆದೆನಲ್ಲ, ತಪ್ಪು ನಂದೇ ಕಂದ" ಎಂದಳು. ಮುಖ ಒರೆಸಿಕೊಳ್ಳುತ್ತಲೇ ಹೇಳಿದ್ದರಿಂದ ಮಾತು ಅರ್ಧ ಸೆರಗಿನೊಳಗೇ ಉಳಿಯಿತು.

ಹುಡುಗಿ ಅಮ್ಮನ ಕೈ ಎತ್ತ ಹೋಗುತ್ತದೋ ಎಂದು ಒಮ್ಮೆ ನೋಡಿದಳು. ಆಮೇಲೆ ಧೈರ್ಯ ಮಾಡಿ ಹೇಳಿದಳು:

"ಕೇಳಿಸಲಿಲ್ಲ ಅಮ್ಮಾ. ಇನ್ನೊಂದ್ಸಲ ಹೇಳ್ತೀಯಾ?"