ರೆಹಮತ್‌ಬಿ ನೂತ ಅರಿವೆ

ದ್ಯಾಮಣ್ಣ ಒಳಗೆ ಬರಲಿಲ್ಲ. ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿಯ ಪರದೆಯ ಆಚೆ, ರುಮಾಲನ್ನು ಕೈಯಲ್ಲಿ ಹಿಡಿದು ನಿಂತ. ಗರಗದ ನೇಕಾರ ಅವನು. ಹುಬ್ಬಳ್ಳಿಗೆ ಬಂದಾಗಲೆಲ್ಲ ದುರ್ಗದಬೈಲಿನಲ್ಲಿ ಗೌಸಮೊದ್ದೀನನ ಛತ್ರಿ ರಿಪೇರಿಯ ಅಂಗಡಿಯಲ್ಲಿ ಕುಳಿತು ಮಾತಾಡಿಸಿ ಹೋಗುತ್ತಿದ್ದವನು ಈ ದಿನ ನೇರವಾಗಿ ಮನೆಗೇ ಬಂದಿದ್ದ.

"ರೆಹಮತ್‌ಬಿ ಹೋದಳ್ರಿ ಸಾಹೇಬ್ರ. ನಸುಕಿನ ನಮಾಜಿಗೆ ಕುಂತಾಕಿ ಅಲ್ಲೇ ಒರಗಿದ್ಲಂತ."

ಪರದೆಯ ಈಚೆ ಬಿಬಿಜಾನಳ ಕೈಯಲ್ಲಿ ಅಕ್ಕಿಯ ಮೊರವಿತ್ತು. ಅದನ್ನು ಮೆಲ್ಲಗೆ ನೆಲಕ್ಕಿಟ್ಟಳು. ತಾಯಿ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅಂದಿನಿಂದ ಸಾಕಿ, ಲಗ್ನ ಮಾಡಿ ಕಳಿಸಿದವಳು ಅಕ್ಕ ರೆಹಮತ್‌ಬಿಯೇ.

"ಮಣ್ಣು ಯಾವಾಗ?" ಗೌಸಮೊದ್ದೀನ ಕೇಳಿದ.

"ಬಿಸಲು ಭಾಳ, ನಾಳಿತನಕ ಇಡಾಕ ಆಗೂದಿಲ್ಲ ಅಂದಾರ. ಐದರ ನಮಾಜ ಮುಗದ ಮ್ಯಾಲ ಒಯ್ತಾರ. ಗಾಡಿ ಧಾರವಾಡದಾಗ ಬಿಟ್ಟು ಬಂದೇನಿ. ಲಗೂ ಹೊಂಡ್ರಿ."

"ನಾ ಆಪಾನ ಮಾರಿ ನೋಡಬೇಕ್ರಿ," ಎಂದಳು ಬಿಬಿಜಾನ ಗಂಡನಿಗೆ. "ಅಷ್ಟು ಸಾಕು."

ಗೂಟದ ಮೇಲಿದ್ದ ಬುರ್ಖಾ ತೆಗೆದು ಹಾಕಿಕೊಂಡಳು. ಮಿಲ್ಲಿನ ದಪ್ಪ ಕರಿಯ ಬಟ್ಟೆ, ಗೌಸಮೊದ್ದೀನ ಪ್ರೀತಿಯಿಂದ ಹೊಲಿಸಿ ಕೊಟ್ಟದ್ದು.

ಧಾರವಾಡದವರೆಗೆ ಮೋಟಾರು, ಅಲ್ಲಿಂದ ದ್ಯಾಮಣ್ಣನ ಎತ್ತಿನ ಗಾಡಿ. ಚೈತ್ರ ಮುಗಿಯುತ್ತ ಬಂದಿತ್ತು. ಎರೆ ಹೊಲಗಳು ಬಿರುಕು ಬಿಟ್ಟಿದ್ದವು. ಬುರ್ಖಾದೊಳಗೆ ಬಿಬಿಜಾನಳ ಉಸಿರು ಹೊರಗೆ ಹೋಗದೆ ಬಿಸಿಯಾಗಿ ಮುಖಕ್ಕೇ ಮರಳುತ್ತಿತ್ತು. ಬೆವರು ಕತ್ತಿನಿಂದ ಬೆನ್ನಿಗಿಳಿದು ಕುಪ್ಪಸ ತೊಯ್ದುಹೋಯಿತು.

ಹೋದ ಬೇಸಗೆಯಲ್ಲಿ ಉಪ್ಪಿನಬೆಟಗೇರಿಯ ಒಂದು ಮದುವೆಗೆ ಹೋದಾಗ ಅವಳು ಇದೇ ಬುರ್ಖಾದಲ್ಲಿ ಬವಳಿ ಬಂದು ಬಿದ್ದಿದ್ದಳು. ರೆಹಮತ್‌ಬಿ ಅವಳನ್ನು ಒಳಗೆ ಒಯ್ದು, ಮುಖಕ್ಕೆ ನೀರು ಚಿಮುಕಿಸಿ, ಕಣ್ಣು ಬಿಟ್ಟಳೆಂದು ಖಾತ್ರಿಯಾದ ಮೇಲೆ ಬೈಯಲು ಸುರು ಮಾಡಿದ್ದಳು.

"ಏನ ಇದು? ನಿನ್ನ ಗಂಡನ ಅಂಗಡ್ಯಾಗ ಛತ್ರಿ ಅರಿವಿ ಉಳದಿತ್ತೇನು, ನಿನಗ ಸುತ್ತ್ಯಾನ?"

"ಹಂಗ ಅನಬ್ಯಾಡ ಆಪಾ. ಮೈ ಮುಚ್ಚಬೇಕಲ್ಲ."

"ಮುಚ್ಚೂದು ಅಲ್ಲಾನ ಹುಕುಮ. ಬೇಯೂದು ನಿನ್ನ ಹುಚ್ಚತನ. ತಡಿ, ನಿನ್ನ ಬುರ್ಖಾಕ್ಕ ಬಿಳೇ ನೂಲು ನಾ ನೂಲತೇನಿ. ಗಾಳಿ ಹಾಯಬೇಕು, ಕಣ್ಣು ಹಾಯಬಾರದು, ಅಂಥಾದ್ದು."

ಆ ವರ್ಷವೆಲ್ಲ ರೆಹಮತ್‌ಬಿ ಬೆಳಗಿನ ನಮಾಜು ಮುಗಿಸಿ ರಾಟಿಯ ಮುಂದೆ ಕುಳಿತಳು. ಎಲ್ಲಕ್ಕಿಂತ ಸಣ್ಣ ಎಳೆಯನ್ನು ಬೇರೆಯಾಗಿ ಸುತ್ತಿಟ್ಟಳು.

"ನಿನ್ನ ಅರಿವಿ ಮೊನ್ನೆ ಮಂಗಳವಾರ ಮಗ್ಗದಿಂದ ಇಳಿಸಿ ನಿಮ್ಮ ಅಕ್ಕಗ ಕೊಟ್ಟೆ, ತಂಗಿ," ಎಂದ ದ್ಯಾಮಣ್ಣ ಹಿಂದೆ ತಿರುಗದೆ. "ಮಾರಿ ಮುಂದ ಹಿಡಕೊಂಡು ಬಿಸಲಾಗ ನಿಂತು, 'ಕಾಣತೇನೇನೋ ದ್ಯಾಮಾ?' ಅಂದ್ಲು. 'ಇಲ್ಲವಾ, ಬರೇ ದನಿ ಕೇಳತೈತಿ' ಅಂದೆ."

ಗಾಡಿ ಒಂದಿಷ್ಟು ದೂರ ಹೋಯಿತು.

"ನಕ್ಕಳೇನು?" ಎಂದಳು ಬಿಬಿಜಾನ.

"ನಕ್ಕಳು, ತಂಗಿ."

ಗೌಸಮೊದ್ದೀನ ಮೆಲ್ಲಗೆ, "ನಕಾಬ ಎತ್ತು. ಹೊಲದಾಗ ಯಾರೂ ಇಲ್ಲ," ಎಂದ.

"ನಾ ಎತ್ತಿನ ಬಾಲಾ ನೋಡಕೋಂತ ಕುಂತೇನ್ರಿ," ಎಂದ ದ್ಯಾಮಣ್ಣ.

ಬಿಬಿಜಾನ ಎತ್ತಲಿಲ್ಲ. ಅಳುವುದಕ್ಕೆ ಆ ಮರೆ ಬೇಕಾಗಿತ್ತು.

ಅವರು ಗರಗ ಮುಟ್ಟಿದಾಗ ಅಕ್ಕನ ಮನೆಯ ಅಂಗಳದಲ್ಲಿ ಗಂಡಸರು ನೆರೆದಿದ್ದರು. ಒಳಕೋಣೆಯಲ್ಲಿ ಹೆಂಗಸರ ನಡುವೆ ರೆಹಮತ್‌ಬಿಯನ್ನು ಮಲಗಿಸಿದ್ದರು. ಊರಲ್ಲಿ ಸತ್ತ ಹೆಂಗಸರನ್ನು ಮೀಯಿಸುವ ಮುದುಕಿ ದಾವಲಬಿ ಬಿಬಿಜಾನಳ ಕೈ ಹಿಡಿದು ಮುಂದೆ ಕರೆದಳು.

"ಬಾ ಮಗಳ. ನಿನ್ನ ಸಲುವಾಗೇ ಮಾರಿ ಮುಚ್ಚಿಲ್ಲ."

ಬಿಬಿಜಾನ ನಕಾಬು ಎತ್ತಿ ನೋಡಿದಳು. ಅಕ್ಕನ ಮುಖ ಶಾಂತವಾಗಿತ್ತು. ಅದರ ಸುತ್ತ ಹೊದಿಸಿದ್ದ ಬಿಳಿಯ ಅರಿವೆ ಹಾಲಿನ ಕೆನೆಯಂತೆ ತೆಳುವಾಗಿ, ಒತ್ತಾಗಿ ಇತ್ತು.

"ಎಂಥಾ ಪುಣ್ಯವಂತಿ," ಎಂದಳು ದಾವಲಬಿ. "ತನ್ನ ಕಫನ ತಾನ ನೂತು ಪೆಟಗ್ಯಾಗ ಇಟ್ಟಿದ್ಲು. ಹೊಚ್ಚ ಹೊಸಾದು, ಕತ್ತರಿ ಸೈತ ಮುಟ್ಟಿಸಿಲ್ಲ."

ಭಕ್ತಿಯುಳ್ಳ ಮುದುಕಿಯರು ಹಾಗೆ ತಮ್ಮ ಹೆಣಕ್ಕೆ ಹೊದಿಸುವ ಕಫನನ್ನು ಮೊದಲೇ ತೆಗೆದಿಡುವುದುಂಟು. ಯಾರಿಗೂ ಸಂಶಯ ಬಂದಿರಲಿಲ್ಲ. ಆದರೆ ಹೊಸ್ತಿಲ ಹೊರಗಿದ್ದ ದ್ಯಾಮಣ್ಣನಿಗೆ ಈ ಮಾತು ಕೇಳಿಸಿತು.

"ದಾವಲಬಿ, ಅದು ಹುಬ್ಬಳ್ಳಿ ತಂಗಿ ಬುರ್ಖಾದ ಸಲುವಾಗಿ ನೇಯ್ದದ್ದು," ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ದಾವಲಬಿ ಬಿಬಿಜಾನಳ ಕಡೆ ತಿರುಗಿದಳು.

"ಖರೇ ಏನ ಮಗಳ? ಮತ್ತೊಬ್ಬರ ಹಕ್ಕಿನ ಅರಿವ್ಯಾಗ ಕಳಿಸಿದ್ರ ಆಕೀಗೆ ಭಾರ. ಹೌದಂದ್ರ ಹೇಳು, ಬಿಚ್ಚತೇವಿ. ಮಸೀದ್ಯಾಗ ಬ್ಯಾರೆ ಅರಿವಿ ಐತಿ."

ಬಿಬಿಜಾನ ಅರಿವೆಯ ಅಂಚನ್ನು ಮುಟ್ಟಿದಳು. ಬೆರಳಿಗೆ ತಂಪಾಗಿತ್ತು. ಅಕ್ಕನ ಒಂದು ವರ್ಷದ ಮುಂಜಾವುಗಳೆಲ್ಲ ಅದರಲ್ಲಿದ್ದವು. ಹೌದು ಎಂದರೆ ಸಾಕು, ಮನೆಗೆ ಒಯ್ಯಬಹುದಿತ್ತು. ಇನ್ನು ಬರುವ ಬೇಸಗೆಗಳಲ್ಲೆಲ್ಲ ಅಕ್ಕನ ಕೈಯನ್ನು ಮೈಮೇಲೆ ಹೊದ್ದು ಓಡಾಡಬಹುದಿತ್ತು. ಅವಳಿಗೆ ಬಹಳ ಆಸೆಯಾಯಿತು. ಬಾಯಿ ತೆರೆದಳು ಕೂಡ. ಆದರೆ ಬದುಕಿರುವವರೆಗೆ ಹೆರವರಿಗೆ ಒಂದು ಎಳೆ ಕೂದಲನ್ನೂ ತೋರಿಸದಿದ್ದವಳನ್ನು, ಮೀಯಿಸಿ ಮುಚ್ಚಿದ ಮೇಲೆ, ಮತ್ತೆ ಬಿಚ್ಚಬೇಕಾಗುತ್ತಿತ್ತು.

"ನನ್ನದು ಹೌದು," ಎಂದಳು. "ಆಕೀಗೆ ಕೊಟ್ಟೇನಿ. ಬಿಚ್ಚಬ್ಯಾಡ್ರಿ."

"ಮೂರು ಸಲ ಅನ್ನು ಮಗಳ. ನಾವೆಲ್ಲಾ ಕೇಳೂಹಂಗ."

ಬಿಬಿಜಾನ ಮತ್ತೆರಡು ಸಲ ಹೇಳಿದಳು. ಕೊನೆಯ ಸಲ ದನಿ ಹೊರಡಲಿಲ್ಲ, ತುಟಿಗಳಷ್ಟೇ ಆಡಿದವು. ದಾವಲಬಿ ಅದನ್ನೂ ಲೆಕ್ಕಕ್ಕೆ ಹಿಡಿದಳು.

ಮುಖವನ್ನು ಬಿಬಿಜಾನಳೇ ಮುಚ್ಚಿದಳು. ಗಂಡಸರು ಜನಾಜಾ ಎತ್ತಿ, ಹೆಗಲು ಬದಲಿಸುತ್ತ ಬೇಗಬೇಗನೆ ನಡೆದರು. ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿರಲಿಲ್ಲ. ಅವಳು ಹೊಸ್ತಿಲಲ್ಲೇ ನಿಂತಳು. ಓಣಿಯ ಕೊನೆಯಲ್ಲಿ ಧೂಳು ಎದ್ದು, ಗಾಳಿಯಿಲ್ಲದೆ ಹಾಗೆಯೇ ನಿಂತಿತು. ಅವಳು ನಕಾಬು ಇಳಿಸಿ, ಎರಡೂ ಅಂಗೈಗಳನ್ನು ಮುಂದೆ ಚಾಚಿದಳು.

"ಯಾ ಅಲ್ಲಾ, ನಮ್ಮ ಆಪಾನ ತಪ್ಪು ಮಾಫ ಮಾಡು. ಆಕೀ ಗೋರಿ ಅಗಲ ಮಾಡು, ಬೆಳಕ ಕೊಡು. ಇವತ್ತಿನ ಬಿಸಲು ಆಕೀಗೆ ತಾಕದಂಗ ನೋಡಕೋ. ಆಮೀನ್."